ಟ್ರೇನಿಂಗ್ ಆಯಿತು, ಕೆಲಸದಲ್ಲಿ ಏನು ಬದಲಾಯಿತು?

ಎರಡು ದಿನದ ಟ್ರೇನಿಂಗ್ ಮುಗಿಯಲು ಹತ್ತು ನಿಮಿಷ ಇರುವಾಗ ಫೀಡ್‌ಬ್ಯಾಕ್ ಫಾರ್ಮ್ ಕೈಗೆ ಬರುತ್ತದೆ. ಟ್ರೇನರ್ ಹೇಗಿದ್ದರು, ಹಾಲ್ ಹೇಗಿತ್ತು, ಊಟ ಹೇಗಿತ್ತು, ಹೇಳಿಕೊಟ್ಟಿದ್ದು ಕೆಲಸಕ್ಕೆ ಬರುತ್ತದೆಯೇ, ಒಂದರಿಂದ ಐದರೊಳಗೆ ಅಂಕ ಕೊಡಿ. ನಾನು ಕೆಲಸ ಮಾಡಿದ ಕಡೆ ಇಂಥ ಫಾರ್ಮ್ ಎಷ್ಟು ತುಂಬಿದ್ದೇನೋ ಲೆಕ್ಕವಿಲ್ಲ. ಎಲ್ಲದಕ್ಕೂ ನಾಲ್ಕು, ಇಲ್ಲವೇ ಐದು. ಪಾಠ ಹೇಳಿದವರು ಎದುರಿಗೇ ನಿಂತಿರುತ್ತಾರೆ, ಹೊರಗೆ ಕಂಪನಿ ಬಸ್ಸು ಕಾಯುತ್ತಿರುತ್ತದೆ, ಮೂರು ಅಂತ ಬರೆದರೆ ಯಾಕೆ ಅಂತ ಕೆಳಗೆ ಇನ್ನೊಂದು ಸಾಲು ಬರೆಯಬೇಕು. ಒಂದು ಸಲ ತಿಂಗಳಾದ ಮೇಲೆ ನೋಟಿಸ್ ಬೋರ್ಡಿನಲ್ಲಿ ಸರಾಸರಿ ಹಾಕಿದ್ದರು: 4.6. ಆ ಟ್ರೇನಿಂಗ್ ಇಟ್ಟಿದ್ದೇ ಗ್ರಾಹಕರ ದೂರು ಜಾಸ್ತಿಯಾಗಿದೆ ಅಂತ. ದೂರು ಕಡಿಮೆಯಾಯಿತಾ ಅಂತ ಮಾತ್ರ ಯಾರೂ ನೋಡಲಿಲ್ಲ.

ಈ ಲೇಖನ ಅದರ ಬಗ್ಗೆಯೇ. ಕಂಪನಿಗಳು ತರಬೇತಿಗೆ ಹಣ ಹಾಕುತ್ತವೆ, ಕೆಲಸದವರು ಸಮಯ ಕೊಡುತ್ತಾರೆ. ಅದರಿಂದ ಕೆಲಸದಲ್ಲಿ ಏನಾದರೂ ಬದಲಾಯಿತಾ, ಬದಲಾಗಿದ್ದರೆ ಎಷ್ಟು, ಆ ಲಾಭ ಯಾರ ಕೈಗೆ ಹೋಯಿತು? ಈಗ ಎಲ್ಲ ಕಡೆ ಎಐ ಕಲಿಸುವ ಭರಾಟೆ ನಡೆದಿದೆ. ಇಷ್ಟು ಸಾವಿರ ಜನ ಕೋರ್ಸ್ ಮುಗಿಸಿದರು ಅಂತ ಐಟಿ ಕಂಪನಿಗಳು ಹೇಳುತ್ತಲೇ ಇರುತ್ತವೆ. ಹಾಗಾಗಿ ಈ ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ ಅನ್ನಿಸುತ್ತದೆ.

ಮೊದಲು ಈಗ ಲೆಕ್ಕ ಹೇಗೆ ನಡೆಯುತ್ತದೆ ನೋಡೋಣ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಲೇಬೇಕು ಎಂದು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ. ಅದರಲ್ಲಿ ತರಬೇತಿಗೂ ಒಂದು ಪಟ್ಟಿ ಇದೆ. ಸುರಕ್ಷತೆಯ ತರಬೇತಿ ಎಷ್ಟು ಜನಕ್ಕೆ ಆಯಿತು, ಕೌಶಲ ಹೆಚ್ಚಿಸುವ ತರಬೇತಿ ಎಷ್ಟು ಜನಕ್ಕೆ ಆಯಿತು, ಅದರಲ್ಲಿ ಗಂಡಸರು ಎಷ್ಟು, ಹೆಂಗಸರು ಎಷ್ಟು, ಒಟ್ಟು ನೌಕರರಲ್ಲಿ ಶೇಕಡಾ ಎಷ್ಟು. ಮೊದಲು ಇದನ್ನು ಕೇಳುವವರೇ ಇರಲಿಲ್ಲ, ಈಗ ಕೇಳುತ್ತಿದ್ದಾರೆ, ಅದು ನಿಜವಾಗಿ ಒಳ್ಳೆಯದು. ಆದರೆ ಇದು ತಲೆ ಎಣಿಕೆ. ಶೇ 100 ಜನ ಕೂತರು ಅಂದರೆ ಶೇ 100 ಜನ ಕಲಿತರು ಅಂತಲ್ಲ, ಕಲಿತಿದ್ದನ್ನು ಮಾರನೇ ದಿನ ಮೆಷಿನ್ ಮುಂದೆ ಬಳಸಿದರು ಅಂತಲೂ ಅಲ್ಲ.

ತರಬೇತಿ ವಿಭಾಗದವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರು 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ದರು. ಬಂದವರಿಗೆ ಇಷ್ಟವಾಯಿತಾ ಎಂಬುದು ಮೊದಲನೆಯದು. ಕಲಿತರಾ ಎಂಬುದು ಎರಡನೆಯದು. ಕೆಲಸ ಮಾಡುವ ರೀತಿ ಬದಲಾಯಿತಾ ಎಂಬುದು ಮೂರನೆಯದು. ಅದರಿಂದ ಸಂಸ್ಥೆಗೆ ಏನು ಬಂತು ಎಂಬುದು ನಾಲ್ಕನೆಯದು. ಆಮೇಲೆ ಜ್ಯಾಕ್ ಫಿಲಿಪ್ಸ್ ಎಂಬುವರು ಹಾಕಿದ ಹಣಕ್ಕೆ ಎಷ್ಟು ವಾಪಸ್ ಬಂತು ಎಂಬ ಐದನೆಯದನ್ನೂ ಸೇರಿಸಿದರು. ಎಚ್‌ಆರ್ ಕೋರ್ಸ್ ಮಾಡಿದ ಯಾರನ್ನು ಕೇಳಿದರೂ ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅರವತ್ತಕ್ಕೂ ಹೆಚ್ಚು ವರ್ಷವಾಗಿದೆ, ಆದರೂ ಬಹಳ ಕಡೆ ಲೆಕ್ಕ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಹೆಚ್ಚೆಂದರೆ ಕೊನೆಗೆ ಹತ್ತು ಪ್ರಶ್ನೆಯ ಕ್ವಿಜ್ ಮಾಡಿ ಎರಡನೆಯದನ್ನು ಮುಟ್ಟುತ್ತಾರೆ.

ಇಷ್ಟವಾಗಿದ್ದರೆ ಕಲಿತೇ ಇರುತ್ತಾರೆ, ಕಲಿತರೆ ಬಳಸಿಯೇ ಬಳಸುತ್ತಾರೆ ಅಂತ ನಾವು ಅಂದುಕೊಂಡುಬಿಡುತ್ತೇವೆ. ಅಲ್ಲೇ ಎಡವುವುದು. 1997ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಅದುವರೆಗೆ ಬಂದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ‘ತರಬೇತಿ ಚೆನ್ನಾಗಿತ್ತು’ ಅನ್ನುವುದಕ್ಕೂ ನಿಜವಾಗಿ ಕಲಿತಿದ್ದಕ್ಕೂ ನಡುವೆ ಹೆಚ್ಚೇನೂ ನಂಟು ಕಾಣಲಿಲ್ಲ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಯಲ್ಲಿ ಇನ್ನೂ ಸ್ಪಷ್ಟವಾದ ಪ್ರಯೋಗ ನಡೆಯಿತು. ಒಂದು ಗುಂಪು ಚೆಂದದ ಉಪನ್ಯಾಸ ಕೇಳಿತು. ಇನ್ನೊಂದು ಗುಂಪು ತಾನೇ ಲೆಕ್ಕ ಬಿಡಿಸುತ್ತಾ, ತಿಣುಕುತ್ತಾ ಕಲಿಯಿತು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದಿದ್ದು ತಿಣುಕಿದವರಿಗೆ, ‘ನಾವು ಚೆನ್ನಾಗಿ ಕಲಿತೆವು’ ಅಂದಿದ್ದು ಉಪನ್ಯಾಸ ಕೇಳಿದವರು. ಹಾಗಾದರೆ ಫೀಡ್‌ಬ್ಯಾಕ್ ಅಂಕ ನೋಡಿ ಟ್ರೇನರ್ ಆರಿಸುವ ಕಂಪನಿ, ಕಷ್ಟಪಡಿಸಿ ಕಲಿಸುವವರನ್ನು ಬಿಟ್ಟು ಸುಲಭವಾಗಿ ಖುಷಿಪಡಿಸುವವರನ್ನು ಆರಿಸುತ್ತಾ ಹೋಗುವ ಸಾಧ್ಯತೆ ಇದೆ, ಅಲ್ವಾ?

ಮೂರು ಮತ್ತು ನಾಲ್ಕನೇ ಮೆಟ್ಟಿಲನ್ನು ಅಳೆಯಲು ಆಗುವುದೇ ಇಲ್ಲ ಅನ್ನುವವರಿದ್ದಾರೆ. ಯಂತ್ರದ ಕೆಲಸವಾದರೆ ಸರಿ, ಮಾತಾಡುವುದು, ಹೊಂದಿಕೊಂಡು ಹೋಗುವುದು, ಧೈರ್ಯ, ಇವನ್ನೆಲ್ಲ ರೂಪಾಯಿಯಲ್ಲಿ ಹೇಗೆ ತೂಗುತ್ತೀರಿ ಅಂತ ಕೇಳುತ್ತಾರೆ. ಇದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ, ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಒಳಗೆ.

ಗ್ಯಾಪ್ ಎಂಬ ಅಮೆರಿಕದ ಬಟ್ಟೆ ಕಂಪನಿ ತನಗೆ ಬಟ್ಟೆ ಹೊಲಿದು ಕೊಡುವ ಕಾರ್ಖಾನೆಗಳ ಹೆಣ್ಣುಮಕ್ಕಳಿಗಾಗಿ 2007ರಲ್ಲಿ ‘ಪೇಸ್’ ಎಂಬ ಕಾರ್ಯಕ್ರಮ ಶುರು ಮಾಡಿತ್ತು. ಅದರಲ್ಲಿ ಹೊಲಿಗೆ ಹೇಳಿಕೊಡುವುದಿಲ್ಲ. ಮೇಲಿನವರ ಹತ್ತಿರ ಹೇಗೆ ಮಾತಾಡಬೇಕು, ಸಮಸ್ಯೆ ಬಂದಾಗ ಹೇಗೆ ಬಿಡಿಸಿಕೊಳ್ಳಬೇಕು, ಸಮಯ ಮತ್ತು ಒತ್ತಡವನ್ನು ಹೇಗೆ ನಿಭಾಯಿಸಬೇಕು, ಇಂಥವು. ಒಟ್ಟು 80 ಗಂಟೆ ಆಸುಪಾಸು, ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ ಐದು ಫ್ಯಾಕ್ಟರಿಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ತರಬೇತಿ 2013ರಲ್ಲಿ ಶುರುವಾಗಿ ಸುಮಾರು ಒಂದು ವರ್ಷ ನಡೆಯಿತು.

ಅವರು ಮಾಡಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಶುರುವಿನ ಕೆಲಸ. ತರಬೇತಿ ಬೇಕು ಅಂತ ಸುಮಾರು 2,700 ಹೆಣ್ಣುಮಕ್ಕಳು ಹೆಸರು ಕೊಟ್ಟರು. ಅಷ್ಟು ಜನಕ್ಕೆ ಜಾಗ ಇರಲಿಲ್ಲ. ಸಾಮಾನ್ಯವಾಗಿ ಇಂಥ ಕಡೆ ಸೂಪರ್‌ವೈಸರ್ ಕೈಗೆ ಪಟ್ಟಿ ಕೊಟ್ಟು ‘ಒಳ್ಳೆಯವರನ್ನು ಕಳಿಸಿ’ ಅಂತಾರೆ. ಇಲ್ಲಿ ಲಾಟರಿ ಎತ್ತಿದರು. ಮೊದಲು ಯಾವ ಲೈನುಗಳು (ಒಂದೇ ಬಟ್ಟೆಯ ಬೇರೆಬೇರೆ ಭಾಗ ಹೊಲಿಯುವವರು ಸಾಲಾಗಿ ಕೂರುವ ತಂಡ) ಅಂತ ಲಾಟರಿ, ಆಮೇಲೆ ಆ ಲೈನುಗಳಲ್ಲಿ ಹೆಸರು ಕೊಟ್ಟವರಲ್ಲಿ ಯಾರು ಅಂತ ಇನ್ನೊಂದು ಲಾಟರಿ. ಸುಮಾರು 1,100 ಜನ ಆಯ್ಕೆಯಾದರು. ಹೀಗೆ ಮೂರು ಗುಂಪು ಸಿಕ್ಕಿತು. ತರಬೇತಿ ಪಡೆದವರು, ಅವರ ಪಕ್ಕದ ಮೆಷಿನ್ನಿನಲ್ಲೇ ಕೂತಿದ್ದರೂ ತರಬೇತಿ ಸಿಗದವರು, ಮತ್ತು ತರಬೇತಿ ಇಲ್ಲದ ಬೇರೆ ಲೈನಿನವರು. ಮೂರು ಗುಂಪಿನವರಿಗೂ ಆಸೆ ಇತ್ತು, ಮೂರು ಗುಂಪಿನವರೂ ಹೆಸರು ಕೊಟ್ಟಿದ್ದರು. ಬೇರೆಬೇರೆ ಆಗಿದ್ದು ಚೀಟಿಯಿಂದ ಮಾತ್ರ.

ಅಳೆಯಲು ಹೊಸ ಅಳತೆಗೋಲು ಹುಡುಕಬೇಕಾಗಿರಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಪ್ರತಿ ಕೆಲಸಕ್ಕೂ ‘ಸ್ಯಾಮ್’ ಅಂತ ಇರುತ್ತದೆ. ಒಂದು ಕಾಲರ್ ಕೂರಿಸಲು ಇಷ್ಟು ನಿಮಿಷ, ಒಂದು ಜೇಬು ಹೊಲಿಯಲು ಇಷ್ಟು ನಿಮಿಷ ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ಅರ್ಧ ನಿಮಿಷದ ಕೆಲಸವಾದರೆ ಗಂಟೆಗೆ 120 ಪೀಸ್ ಟಾರ್ಗೆಟ್. 60 ಬಂದರೆ ಎಫಿಷಿಯನ್ಸಿ ಶೇ 50. ಗಂಟೆಗೊಮ್ಮೆ ಲೈನಿನ ಬೋರ್ಡಿನಲ್ಲಿ ಪ್ರೊಡಕ್ಷನ್ ಬರೆಯುವುದನ್ನು ನೋಡಿದವರಿಗೆ ಇದು ಗೊತ್ತು. ಈ ಲೆಕ್ಕ ಕಾರ್ಖಾನೆ ತನಗಾಗಿ ಇಟ್ಟುಕೊಂಡಿದ್ದು, ತರಬೇತಿಯವರು ತಮ್ಮನ್ನು ಹೊಗಳಿಕೊಳ್ಳಲು ಬರೆದುಕೊಂಡಿದ್ದಲ್ಲ. ಅದಕ್ಕೇ ಅದನ್ನು ನಂಬಬಹುದು.

ಫಲಿತಾಂಶ ಏನಾಯಿತು? ತರಬೇತಿ ಮುಗಿದ ಮೇಲೆ, ಅದನ್ನು ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ 20ರಷ್ಟು ಜಾಸ್ತಿ ಇತ್ತು ಅಂತ 2018ರ ಕರಡು ಪ್ರಬಂಧ ಹೇಳಿತು. ಮುಂದೆ ಲೆಕ್ಕವನ್ನು ಇನ್ನೂ ಬಿಗಿ ಮಾಡಿದಾಗ ಅದು ಶೇ 13.5ಕ್ಕೆ ಇಳಿಯಿತು. ಇಳಿದಿದ್ದನ್ನು ಅವರು ಹಾಗೇ ಪ್ರಕಟಿಸಿದರು ಅನ್ನುವುದು ನನಗೆ ನಂಬಿಕೆ ಹೆಚ್ಚಿಸುವ ಸಂಗತಿ. ಪಕ್ಕದಲ್ಲಿ ಕೂತಿದ್ದ, ತರಬೇತಿ ಸಿಗದವರ ಕೆಲಸದಲ್ಲೂ ಸುಧಾರಣೆ ಕಂಡಿತು. ತರಬೇತಿ ಪಡೆದವರು ಹೊಲಿಗೆಯ ಹೊಸ ಕೌಶಲ ಕಲಿಯಲು ತಾವೇ ಮುಂದೆ ಬಂದರು, ಅವರಿಗೆ ಹೆಚ್ಚು ಕಷ್ಟದ ಹೊಲಿಗೆ ಕೆಲಸ ಕೊಡುವುದು ಜಾಸ್ತಿಯಾಯಿತು. ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ದಾರ ಪದೇ ಪದೇ ತುಂಡಾಗುತ್ತಿದೆ ಅಂತ ಮೆಕ್ಯಾನಿಕ್‌ನ ಕರೆಯಲು ಹಿಂಜರಿಯುವವರು ಅರ್ಧ ಗಂಟೆ ಸುಮ್ನೆ ಒದ್ದಾಡುತ್ತಾರೆ. ‘ಸಾರ್, ಮೆಷಿನ್ ಸರಿ ಇಲ್ಲ, ಒಂದ್ಸಲ ನೋಡ್ಸಿ’ ಅಂತ ಬಾಯಿ ಬಿಟ್ಟು ಹೇಳುವ ಧೈರ್ಯಕ್ಕೆ ಬೆಲೆ ಇದೆ. ಆ ಬೆಲೆ ಪೀಸ್ ಲೆಕ್ಕದಲ್ಲಿ ಕಾಣುತ್ತದೆ.

ಕಂಪನಿಗೆ ಬಂದಿದ್ದು? ಖರ್ಚೆಲ್ಲ ಕಳೆದು, ತರಬೇತಿ ಮುಗಿದ ಎಂಟು ತಿಂಗಳಲ್ಲೇ ಹಾಕಿದ ಹಣದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ನಿವ್ವಳ ಲಾಭ. ಆ ಹೆಣ್ಣುಮಕ್ಕಳ ಸಂಬಳ ಹೆಚ್ಚಿದ್ದು ಶೇ 0.5ರಷ್ಟು. ಅರ್ಧ ಪರ್ಸೆಂಟ್. ಇದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲಾಟರಿ ಯಾಕೆ ಅಷ್ಟು ಮುಖ್ಯ ಅಂತ ಹೇಳಬೇಕು. ತರಬೇತಿಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ನೋಡಿದರೆ ಸಾಲದೇ? ಸಾಲದು. ಒಂದು ಲೈನಿಗೆ ಹೊಸ ಸ್ಟೈಲ್, ಅಂದರೆ ಹೊಸ ಡಿಸೈನಿನ ಬಟ್ಟೆ, ಲೋಡ್ ಆದ ಮೊದಲ ದಿನಗಳಲ್ಲಿ ಎಫಿಷಿಯನ್ಸಿ ನೆಲ ಕಚ್ಚಿರುತ್ತದೆ. ಕೈ ಪಳಗಿದ ಹಾಗೆ ದಿನದಿಂದ ದಿನಕ್ಕೆ ತಾನಾಗಿಯೇ ಏರುತ್ತದೆ. ಮೊದಲ ವಾರದಲ್ಲಿ ತರಬೇತಿ ಕೊಟ್ಟು ಮೂರನೇ ವಾರದಲ್ಲಿ ಅಳೆದರೆ ಎಂಥ ತರಬೇತಿಯೂ ಪವಾಡದ ಹಾಗೆ ಕಾಣುತ್ತದೆ. ಅದೇ ರೀತಿ, ತರಬೇತಿ ಕೊಡುವುದು ಸಾಮಾನ್ಯವಾಗಿ ಹಿಂದೆ ಬಿದ್ದ ತಂಡಕ್ಕೆ. ಹೋದ ತಿಂಗಳು ಯಾವ ತಂಡ ತೀರಾ ಕೆಳಗಿತ್ತೋ ಅದು ಮುಂದಿನ ತಿಂಗಳು ಬಹುಪಾಲು ಸ್ವಲ್ಪ ಮೇಲೆ ಬಂದೇ ಬರುತ್ತದೆ. ಯಾಕೆಂದರೆ ಆ ಕೆಟ್ಟ ತಿಂಗಳಿಗೆ ರಜೆ, ಕರೆಂಟು, ಬಟ್ಟೆ ತಡವಾಗಿ ಬಂದಿದ್ದು, ಹೀಗೆ ಹತ್ತು ಕಾರಣ ಸೇರಿರುತ್ತವೆ. ಎಲ್ಲವೂ ಮತ್ತೆ ಒಟ್ಟಿಗೇ ಬರುವುದು ಕಡಿಮೆ. ಆ ಏರಿಕೆಯೂ ತರಬೇತಿಯ ಖಾತೆಗೆ ಜಮೆಯಾಗುತ್ತದೆ.

ತಾವಾಗಿ ಬಂದವರನ್ನು ಬಾರದವರ ಜೊತೆ ಹೋಲಿಸುವುದು ಇದಕ್ಕಿಂತ ದೊಡ್ಡ ತಪ್ಪು. ಇದಕ್ಕೆ ಒಳ್ಳೆ ಸಾಕ್ಷಿ ತರಬೇತಿಯ ಪಕ್ಕದ ಕ್ಷೇತ್ರದಿಂದ ಬಂದಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು 5,000 ನೌಕರರನ್ನು ಲಾಟರಿ ಮೂಲಕ ಎರಡು ಭಾಗ ಮಾಡಿ ಒಂದು ಭಾಗಕ್ಕೆ ಆರೋಗ್ಯ ಕಾರ್ಯಕ್ರಮ ಕೊಟ್ಟರು. ಸೇರಿಕೊಂಡವರನ್ನು ಸೇರದವರ ಜೊತೆ ಹೋಲಿಸಿದಾಗ ಆಸ್ಪತ್ರೆ ಖರ್ಚು ಕಡಿಮೆಯಾದ ಹಾಗೆ ಕಂಡಿತು. ಲಾಟರಿ ಗುಂಪುಗಳನ್ನು ಹೋಲಿಸಿದಾಗ ಮೊದಲ ವರ್ಷ ಖರ್ಚಿನಲ್ಲಿ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ. ಆಗಿದ್ದಿಷ್ಟೆ, ಸೇರಿದವರು ಮೊದಲಿನಿಂದಲೂ ತಮ್ಮ ಆರೋಗ್ಯ ನೋಡಿಕೊಳ್ಳುವವರೇ ಆಗಿದ್ದರು. ಒಂದೇ ಜಾಗ, ಒಂದೇ ಜನ, ಒಂದೇ ಅಂಕಿಅಂಶ. ಹೋಲಿಸುವ ರೀತಿ ಬದಲಾದಾಗ ಉತ್ತರವೂ ಬದಲಾಯಿತು. ‘ನಮ್ಮ ಆನ್‌ಲೈನ್ ಕೋರ್ಸ್ ಮುಗಿಸಿದವರಿಗೆ ಪ್ರಮೋಷನ್ ಜಾಸ್ತಿ ಸಿಕ್ಕಿದೆ’ ಅಂತ ಯಾರಾದರೂ ಹೇಳಿದಾಗ ನಾನು ಇದನ್ನು ನೆನೆಸಿಕೊಳ್ಳುತ್ತೇನೆ. ರಾತ್ರಿ ಕೂತು ಕೋರ್ಸ್ ಮುಗಿಸುವವರಿಗೆ ಕೋರ್ಸ್ ಇಲ್ಲದಿದ್ದರೂ ಪ್ರಮೋಷನ್ ಸಿಗುತ್ತಿತ್ತೇನೋ.

ಮೇಲಿನವರು ಆರಿಸಿ ಕಳಿಸಿದರೆ? ಅದೂ ಸರಿಹೋಗುವುದಿಲ್ಲ. ಭಾರತದ ಗಾರ್ಮೆಂಟ್ ಕಾರ್ಖಾನೆಗಳ ಸೂಪರ್‌ವೈಸರ್‌ಗಳ ತರಬೇತಿ ಬಗ್ಗೆ ಇನ್ನೊಂದು ಅಧ್ಯಯನ ನಡೆದಿದೆ. ಅಲ್ಲಿ ‘ಇವರಿಗೆ ಮೊದಲು ಕೊಡಿ’ ಅಂತ ಮೇಲಿನ ಮ್ಯಾನೇಜರುಗಳು ಯಾರನ್ನು ಹೇಳಿದ್ದರೋ ಅವರ ಲೈನುಗಳಿಗಿಂತ, ಕೊನೆಗೆ ಹಾಕಿದ್ದವರ ಲೈನುಗಳಲ್ಲೇ ಉತ್ಪಾದನೆ ಹೆಚ್ಚು ಸುಧಾರಿಸಿತು. ಮ್ಯಾನೇಜರುಗಳಿಗೆ ಬೇಕಾಗಿದ್ದು ತಮ್ಮ ಸೂಪರ್‌ವೈಸರ್ ಕೆಲಸ ಬಿಟ್ಟು ಹೋಗದೆ ಉಳಿಯುವುದು, ಕಂಪನಿಗೆ ಬೇಕಾಗಿದ್ದು ಪೀಸ್. ಅವರವರ ಕಷ್ಟ ಅವರವರಿಗೆ. ಆದರೆ ತರಬೇತಿಗೆ ಯಾರು ಹೋಗಬೇಕು ಅಂತ ಯಾರು ಆರಿಸಿದರು, ಯಾಕೆ ಆರಿಸಿದರು ಎಂಬುದು ಗೊತ್ತಿಲ್ಲದೆ ಫಲಿತಾಂಶ ಓದಲು ಆಗುವುದಿಲ್ಲ.

ಇನ್ನು ರೂಪಾಯಿ ಲೆಕ್ಕ. ಅರ್ಥವಾಗಲಿ ಅಂತ ಒಂದು ಉದಾಹರಣೆ ಮಾಡುತ್ತೇನೆ, ಅಂಕಿಗಳೆಲ್ಲ ನಾನು ಹಾಕಿಕೊಂಡವು. 20 ಟೈಲರ್‌ಗಳಿಗೆ ತಲಾ 10 ಗಂಟೆ ತರಬೇತಿ ಅಂದುಕೊಳ್ಳಿ. ಟ್ರೇನರ್ ಶುಲ್ಕ ಮತ್ತು ಸಾಮಾನು ಸೇರಿ 25,000 ರೂಪಾಯಿ. ಹೆಚ್ಚಿನ ಕಡೆ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಆ 200 ಗಂಟೆ ಮೆಷಿನ್ ನಿಂತಿತ್ತಲ್ಲ? ಬಟ್ಟೆ, ದಾರದ ಖರ್ಚು ಕಳೆದು ಒಂದು ಗಂಟೆ ಹೊಲಿಗೆಯಿಂದ ಕಾರ್ಖಾನೆಗೆ 150 ರೂಪಾಯಿ ಉಳಿಯುತ್ತದೆ ಅಂದರೆ, ಅಲ್ಲಿ 30,000 ರೂಪಾಯಿ ಹೋಯಿತು. ಸಂಬಳ ಇದರೊಳಗೇ ಬಂದಿದೆ, ಮತ್ತೆ ಸೇರಿಸಬಾರದು. ಒಟ್ಟು ಖರ್ಚು 55,000.

ಈಗ ಲಾಭ. ತರಬೇತಿ ಸಿಗದ, ಅದೇ ಥರದ ಲೈನಿಗೆ ಹೋಲಿಸಿದರೆ ಇವರ ಉತ್ಪಾದನೆ ಶೇ 4ರಷ್ಟು ಜಾಸ್ತಿಯಾಯಿತು ಅಂದುಕೊಳ್ಳಿ. 20 ಜನ, ದಿನಕ್ಕೆ 8 ಗಂಟೆ, 26 ದಿನ. ತಿಂಗಳಿಗೆ 4,160 ಗಂಟೆ. ಗಂಟೆಗೆ 150ರಂತೆ ಅದು 6,24,000 ರೂಪಾಯಿ, ಅದರ ಶೇ 4 ಅಂದರೆ ಹತ್ತಿರ ಹತ್ತಿರ 25,000. ಈ ಪರಿಣಾಮ ಎರಡೇ ತಿಂಗಳು ಉಳಿದರೆ ಬಂದಿದ್ದು 50,000, ಅಂದರೆ ನಷ್ಟ. ಆರು ತಿಂಗಳು ಉಳಿದರೆ ಒಂದೂವರೆ ಲಕ್ಷ, ಖರ್ಚು ಕಳೆದು 95,000 ಉಳಿಯಿತು, ಹಾಕಿದ್ದರ ಮೇಲೆ ಶೇ 170ಕ್ಕಿಂತ ಜಾಸ್ತಿ. ಅದೇ ಪಾಠ, ಅದೇ ಟ್ರೇನರ್, ಅವೇ 20 ಜನ. ಎಷ್ಟು ತಿಂಗಳು ಉಳಿಯಿತು ಎಂಬ ಒಂದೇ ಅಂಶ ನಷ್ಟವನ್ನು ಲಾಭ ಮಾಡಿಬಿಡುತ್ತದೆ. ಆದರೂ ಆರು ತಿಂಗಳಾದ ಮೇಲೆ ವಾಪಸ್ ಹೋಗಿ ನೋಡುವವರು ಎಷ್ಟು ಜನ? ಮಧ್ಯೆ ಹತ್ತು ಜನ ಕೆಲಸ ಬಿಟ್ಟರೆ ಲೆಕ್ಕ ಮತ್ತೆ ಅರ್ಧಕ್ಕೆ ಇಳಿಯುತ್ತದೆ, ಗಾರ್ಮೆಂಟ್ಸ್‌ನಲ್ಲಿ ಜನ ಎಷ್ಟು ಬೇಗ ಬದಲಾಗುತ್ತಾರೆ ಅಂತ ಗೊತ್ತೇ ಇದೆ.

ಇನ್ನೂ ಒಂದು ತೊಡಕಿದೆ. ಕಾಲರ್ ಹಾಕುವವರು ತರಬೇತಿ ಪಡೆದು ಬೇಗ ಬೇಗ ಮುಗಿಸಿದರು, ಆದರೆ ತೋಳು ಜೋಡಿಸುವ ಕಡೆ ಪೀಸ್ ಗುಡ್ಡೆ ಬಿದ್ದಿದೆ. ಆಗ ಕಾಲರ್‌ನವರ ಎಫಿಷಿಯನ್ಸಿ ಏರಿದರೂ ಸಂಜೆ ಪೆಟ್ಟಿಗೆಗೆ ಹೋಗುವ ಶರ್ಟು ಒಂದೂ ಜಾಸ್ತಿಯಾಗುವುದಿಲ್ಲ. ಹಾಗಾಗಿ ಒಬ್ಬೊಬ್ಬರ ಲೆಕ್ಕದ ಜೊತೆಗೆ ಲೈನಿನ ಕೊನೆಯಲ್ಲಿ ಹೊರಬಂದಿದ್ದನ್ನೂ, ಚೆಕ್ಕಿಂಗ್‌ನಿಂದ ರಿಪೇರಿಗೆ ವಾಪಸ್ ಬಂದಿದ್ದನ್ನೂ ನೋಡಲೇಬೇಕು.

ಪರಿಣಾಮ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೂ ನಮ್ಮ ದೇಶದಲ್ಲೇ ಒಳ್ಳೆ ದಾಖಲೆ ಇದೆ. ಮುಂಬೈ ಸುತ್ತಲಿನ ಬಟ್ಟೆ ಮಿಲ್ಲುಗಳಲ್ಲಿ 2008ರಿಂದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಪ್ರಯೋಗ ಮಾಡಿದರು. ಕೆಲವು ಮಿಲ್ಲುಗಳಿಗೆ ಸಲಹೆಗಾರರು ತಿಂಗಳುಗಟ್ಟಲೆ ಕೂತು ದಾಸ್ತಾನು ಜೋಡಿಸುವುದು, ದೋಷ ಬರೆದಿಡುವುದು, ಮೆಷಿನ್ ನೋಡಿಕೊಳ್ಳುವುದು ಇವನ್ನೆಲ್ಲ ಕಲಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17 ಏರಿತು. ಸುಮಾರು ಒಂಬತ್ತು ವರ್ಷದ ನಂತರ ಮತ್ತೆ ಹೋಗಿ ನೋಡಿದಾಗ ಕಲಿಸಿದ ಪದ್ಧತಿಗಳಲ್ಲಿ ಅರ್ಧದಷ್ಟು ಬಿಟ್ಟುಹೋಗಿದ್ದವು. ಮ್ಯಾನೇಜರು ಬದಲಾಗಿದ್ದು, ಮಾಲೀಕರಿಗೆ ಪುರುಸೊತ್ತಿಲ್ಲದ್ದು ಮುಖ್ಯ ಕಾರಣ. ಆದರೂ ಕಲಿಯದ ಮಿಲ್ಲುಗಳಿಗಿಂತ ಇವು ಮುಂದೆಯೇ ಇದ್ದವು. ಅರ್ಧ ಹೋಯಿತು ಅಂತ ಬೇಜಾರು ಮಾಡಿಕೊಳ್ಳುವುದಕ್ಕಿಂತ, ಒಂಬತ್ತು ವರ್ಷದ ಮೇಲೂ ಅರ್ಧ ಉಳಿದಿದೆಯಲ್ಲ ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಮತ್ತೆ ಹೋಗಿ ನೋಡಿದ್ದಕ್ಕೆ ತಾನೇ ಅದು ಗೊತ್ತಾಗಿದ್ದು.

ಇದೆಲ್ಲ ದೊಡ್ಡವರಿಗೆ ಸರಿ, ಪೀಣ್ಯದಲ್ಲಿ ಹದಿನೈದು ಜನ ಇಟ್ಟುಕೊಂಡು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ ಲೋಹ ಕತ್ತರಿಸುವ ಮೆಷಿನ್) ನಡೆಸುವವರು ಏನು ಮಾಡಬೇಕು? ಅವರಿಗೆ ಲಾಟರಿ ಎತ್ತುವಷ್ಟು ಜನ ಇಲ್ಲ. ಆದರೆ ಎರಡು ಶಿಫ್ಟ್ ಇರುತ್ತದೆ. ಮೊದಲ ಶಿಫ್ಟಿನವರಿಗೆ ಈಗ ಕೊಡಿ, ಎರಡನೆಯವರಿಗೆ ಮೂರು ತಿಂಗಳು ಬಿಟ್ಟು ಕೊಡಿ. ಹೇಗೂ ಎಲ್ಲರನ್ನೂ ಒಂದೇ ದಿನ ಬಿಡುವು ಮಾಡಿ ಕೂರಿಸಲು ಆಗುವುದಿಲ್ಲ, ಆ ಅನಿವಾರ್ಯವನ್ನೇ ಹೋಲಿಕೆಗೆ ಬಳಸಿಕೊಳ್ಳಬಹುದು. ಮೂರು ತಿಂಗಳು ಎರಡೂ ಶಿಫ್ಟಿನ ರಿಜೆಕ್ಷನ್, ಸೆಟ್ಟಿಂಗ್‌ಗೆ ಹಿಡಿದ ಸಮಯ, ಮುರಿದ ಟೂಲ್, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ತರಬೇತಿಗೆ ಒಂದು ತಿಂಗಳು ಮೊದಲೇ ಬರೆಯಲು ಶುರು ಮಾಡಬೇಕು, ಅದೊಂದನ್ನು ಮರೆಯಬಾರದು. ಹೆಚ್ಚಿನವರು ಮರೆಯುವುದೂ ಅದನ್ನೇ, ಆಮೇಲೆ ಮೊದಲು ಎಷ್ಟಿತ್ತು ಅಂತ ನೆನಪಿನಿಂದ ಹೇಳಲು ಹೋಗುತ್ತಾರೆ.

ಬಸ್ಸು ನಿಗಮಗಳನ್ನು ನೋಡಿ. ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಎಂಬ ಕೆಎಂಪಿಎಲ್ ಲೆಕ್ಕ ಡಿಪೋದಲ್ಲಿ ಇದ್ದೇ ಇರುತ್ತದೆ. ಡ್ರೈವರ್‌ಗಳಿಗೆ ಇಂಧನ ಉಳಿಸುವ ತರಬೇತಿ ಕೊಟ್ಟರೆ ಅದೇ ಲೆಕ್ಕದಲ್ಲಿ ಫಲ ಕಾಣಬೇಕು. ಪಕ್ಕದಲ್ಲಿ ಬೋಧಕರು ಕೂತಿರುವ ದಿನ ಯಾರಾದರೂ ಹದವಾಗಿಯೇ ಓಡಿಸುತ್ತಾರೆ. ಮೂರು ತಿಂಗಳ ನಂತರ, ಅದೇ ರೂಟಿನಲ್ಲಿ, ಹಬ್ಬದ ರಶ್ಶಿನಲ್ಲಿ, ತಡವಾಗಿದೆ ಅಂತ ಪ್ರಯಾಣಿಕರು ಗದರುತ್ತಿರುವಾಗ ಬರುವ ಕೆಎಂಪಿಎಲ್ ನಿಜವಾದದ್ದು.

ಎಲ್ಲ ತರಬೇತಿಯನ್ನೂ ರೂಪಾಯಿಗೆ ಇಳಿಸಬೇಕು ಅಂತ ನಾನು ಹೇಳುತ್ತಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಜಾಗೃತಿ ಕಾರ್ಯಕ್ರಮ ನಡೆಸುವುದು ಮಾಲೀಕರ ಕರ್ತವ್ಯ. ಅದರಿಂದ ಲಾಭ ಬಂತಾ ಅಂತ ಕೇಳುವುದೇ ತಪ್ಪು. ಆದರೆ ಕೆಲಸ ಆಯಿತಾ ಅಂತ ಕೇಳಬಹುದು, ಅಲ್ಲಿ ಅಂಕಿಯನ್ನು ಓದುವ ಕ್ರಮ ತಿರುಗಬೇಕು. ಒಳ್ಳೆ ತರಬೇತಿ ಆದ ಮೊದಲ ವರ್ಷ ದೂರುಗಳು ಜಾಸ್ತಿಯಾಗಬಹುದು. ಮೊದಲು ನುಂಗಿಕೊಂಡಿದ್ದವರು ಈಗ ಬಂದು ಹೇಳುತ್ತಿದ್ದಾರೆ, ಅಷ್ಟೆ. ‘ನಮ್ಮಲ್ಲಿ ದೂರು ಸೊನ್ನೆ’ ಅಂತ ಹೇಳಿಕೊಳ್ಳುವ ಜಾಗದಲ್ಲಿ ಹೇಳಲು ಹೆದರುತ್ತಿರಲೂಬಹುದು. ಸುರಕ್ಷತೆಯಲ್ಲೂ ಹೀಗೆಯೇ. ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ಬರೆದಿಡುವುದು ಜಾಸ್ತಿಯಾದರೆ ತರಬೇತಿ ಫಲ ಕೊಡುತ್ತಿದೆ ಅಂತ ಅರ್ಥ. ಅದನ್ನು ಕೆಟ್ಟ ಸುದ್ದಿ ಅಂತ ಓದಿ ಸೂಪರ್‌ವೈಸರ್‌ಗೆ ಬೈದರೆ ಮುಂದಿನ ತಿಂಗಳು ಪುಸ್ತಕ ಖಾಲಿ ಇರುತ್ತದೆ.

ಅಳೆಯುವುದು ಸೋಲಲು ಲೆಕ್ಕಪತ್ರದ ನಿಯಮವೂ ಒಂದು ಕಾರಣ ಅನ್ನುವುದನ್ನು ಹೆಚ್ಚು ಜನ ಗಮನಿಸುವುದಿಲ್ಲ. ನಮ್ಮ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 38ರ ಪ್ರಕಾರ ತರಬೇತಿಗೆ ಹಾಕಿದ ಹಣ ಆ ವರ್ಷದ ಖರ್ಚು. ಹೊಸ ಮೆಷಿನ್ ತಂದರೆ ಅದು ಆಸ್ತಿ, ವರ್ಷಗಟ್ಟಲೆ ಪುಸ್ತಕದಲ್ಲಿ ಕೂರುತ್ತದೆ. ಆ ಮೆಷಿನ್ ನಡೆಸಲು ಕಲಿತವರ ಕಲಿಕೆ ಎಲ್ಲೂ ಕಾಣುವುದಿಲ್ಲ. ನಿಯಮಕ್ಕೆ ಕಾರಣವಿದೆ, ಕಲಿತವರು ನಾಳೆ ಬಿಟ್ಟುಹೋದರೆ ಕಂಪನಿ ತಡೆಯಲು ಆಗುವುದಿಲ್ಲವಲ್ಲ. ಆದರೆ ಇದರ ಫಲ ಏನೆಂದರೆ, ಆರ್ಡರ್ ಕಡಿಮೆಯಾದ ವರ್ಷ ಮೊದಲು ಕತ್ತರಿ ಬೀಳುವುದು ತರಬೇತಿಗೆ. ಆಗ ತರಬೇತಿ ವಿಭಾಗದವರು ತಮ್ಮನ್ನು ಉಳಿಸಿಕೊಳ್ಳಲು ಫೀಡ್‌ಬ್ಯಾಕ್ 4.6 ಇದೆ ಅಂತ ತೋರಿಸುತ್ತಾರೆ, ಫೈನಾನ್ಸ್‌ನವರು ಅದನ್ನು ನಂಬುವುದಿಲ್ಲ. ನಂಬದಿದ್ದರೆ ಅವರ ತಪ್ಪೂ ಇಲ್ಲ. ಇನ್ನೊಂದು ಕಡೆ ಹೊಸದಾಗಿ ಸೇರುವ ಹುಡುಗರ ಹತ್ತಿರ ಬಾಂಡ್ ಬರೆಸಿಕೊಳ್ಳುವಾಗ, ನಿಮ್ಮ ಮೇಲೆ ಇಷ್ಟು ಲಕ್ಷ ಖರ್ಚು ಮಾಡಿದ್ದೇವೆ ಅಂತ ಅಂಕಿ ಸಿದ್ಧವಾಗಿರುತ್ತದೆ. ಖರ್ಚನ್ನು ಅಷ್ಟು ಕರಾರುವಾಕ್ಕಾಗಿ ಹೇಳಬಲ್ಲವರು ಲಾಭವನ್ನೂ ಹೇಳಲು ಪ್ರಯತ್ನಪಡಬೇಕು ಅಲ್ವಾ?

ಐಟಿಯಲ್ಲಿ ಇದು ಸುಲಭವೂ ಹೌದು, ಕಷ್ಟವೂ ಹೌದು. ಹೊಸಬರು ಎಷ್ಟು ದಿನದಲ್ಲಿ ಪ್ರಾಜೆಕ್ಟಿಗೆ ಹೋದರು, ಅವರು ಬರೆದ ಕೋಡಿನಲ್ಲಿ ಎಷ್ಟು ದೋಷ ವಾಪಸ್ ಬಂತು ಎಂಬುದೆಲ್ಲ ಸಿಸ್ಟಮ್‌ನಲ್ಲೇ ಇರುತ್ತದೆ. ಎಐ ಕೋರ್ಸಿನ ವಿಷಯಕ್ಕೆ ಬಂದಾಗ ಮಾತ್ರ ಸರ್ಟಿಫಿಕೇಟ್ ಎಣಿಸಿ ನಿಲ್ಲಿಸುತ್ತಾರೆ. ಒಂದು ತಂಡಕ್ಕೆ ಈ ತಿಂಗಳು, ಅದೇ ಥರದ ಇನ್ನೊಂದು ತಂಡಕ್ಕೆ ಮುಂದಿನ ತ್ರೈಮಾಸಿಕದಲ್ಲಿ ಅಂತ ಹಂಚಿಬಿಟ್ಟರೆ ಸಾಕು. ಟಿಕೆಟ್ (ದಾಖಲಾದ ಒಂದೊಂದು ಕೆಲಸ ಅಥವಾ ದೂರು) ಮುಗಿಸುವ ಸಮಯ, ದೋಷದ ಸಂಖ್ಯೆ ಎರಡನ್ನೂ ಹೋಲಿಸಬಹುದು. ಇದಕ್ಕೆ ಬೇರೆ ಖರ್ಚು ಏನೂ ಇಲ್ಲ. ಫಲಿತಾಂಶ ಸೊನ್ನೆ ಬಂದರೂ ಬರಲಿ ಅನ್ನುವ ಧೈರ್ಯ ಬೇಕು, ಕೊರತೆ ಇರುವುದು ಬಹುಶಃ ಅದರದ್ದೇ.

ಈಗ ಆ ಅರ್ಧ ಪರ್ಸೆಂಟಿಗೆ ಬರೋಣ. ಬೆಂಗಳೂರಿನ ಅಧ್ಯಯನವನ್ನು ತರಬೇತಿಯವರು ಬಹಳ ಸಂತೋಷದಿಂದ ಉದಾಹರಿಸುತ್ತಾರೆ, ಎರಡೂವರೆ ಪಟ್ಟು ಲಾಭದ ಸಾಲನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ. ಅದೇ ಪ್ರಬಂಧದ ಸಂಬಳದ ಸಾಲು ಸ್ಲೈಡಿನಲ್ಲಿ ಇರುವುದಿಲ್ಲ. ಉತ್ಪಾದಕತೆ ಶೇ 13.5 ಏರಿದಾಗ ಸಂಬಳ ಶೇ 0.5 ಏರಿತು. ಹೀಗಾಗಿದ್ದರೂ ಅವರೇನೂ ಬೇರೆಯವರಿಗಿಂತ ಜಾಸ್ತಿ ಸಂಖ್ಯೆಯಲ್ಲಿ ಕೆಲಸ ಬಿಟ್ಟು ಹೋಗಲಿಲ್ಲ. ಇದನ್ನು ಸಂಶೋಧಕರು ಮುಚ್ಚಿಡಲಿಲ್ಲ, ಪ್ರಬಂಧದ ಮುಖ್ಯ ಮಾತುಗಳಲ್ಲಿ ಅದೂ ಒಂದು. ಕಾರ್ಮಿಕ ಮಾರುಕಟ್ಟೆಯಲ್ಲಿ ಅಡೆತಡೆಗಳು, ಅಂದರೆ ಕೌಶಲಕ್ಕೆ ತಕ್ಕ ಸಂಬಳದ ಕೆಲಸ ಬೇರೆ ಕಡೆ ಸುಲಭಕ್ಕೆ ಸಿಗದಂಥ ತೊಡಕುಗಳು, ಇರುವುದರಿಂದಲೇ ಲಾಭದ ಬಹುಪಾಲು ಕಂಪನಿಯಲ್ಲೇ ಉಳಿಯುತ್ತದೆ ಅಂತ ಅವರು ವಿವರಿಸಿದ್ದಾರೆ.

ಕಂಪನಿಗೆ ಲಾಭ ಬರುವುದರಲ್ಲಿ ತಪ್ಪಿಲ್ಲ. ಬಂದರೆ ತಾನೇ ಮುಂದಿನ ಬ್ಯಾಚಿಗೂ ತರಬೇತಿ ಕೊಡುತ್ತಾರೆ. ಆದರೆ ‘ತರಬೇತಿಯ ಪರಿಣಾಮ’ ಅಂತ ಪಟ್ಟಿ ಮಾಡುವಾಗ ಕಲಿತವರ ಕಡೆಯ ಕಾಲಮ್ಮು ಬಿಟ್ಟರೆ ಆ ಲೆಕ್ಕ ಅರ್ಧವೇ. ಕಲಿತ ಮೇಲೆ ಸಂಬಳ ಎಷ್ಟಾಯಿತು, ಹೆಲ್ಪರ್ ಆಗಿದ್ದವರು ಟೈಲರ್ ಆದರಾ, ಟೈಲರ್ ಆಗಿದ್ದವರಲ್ಲಿ ಎಷ್ಟು ಹೆಣ್ಣುಮಕ್ಕಳು ಸೂಪರ್‌ವೈಸರ್ ಆದರು. ಇವೆಲ್ಲ ಸಂಬಳದ ಪಟ್ಟಿಯಲ್ಲೇ ಸಿಗುವ ಅಂಕಿಗಳು, ಯಾವ ಸರ್ವೆಯೂ ಬೇಡ. ಬಿಆರ್‌ಎಸ್‌ಆರ್ ಪಟ್ಟಿಯಲ್ಲಿ ತಲೆ ಎಣಿಕೆಯ ಪಕ್ಕ ಇದೊಂದು ಕಾಲಮ್ಮು ಸೇರಿಸಿದರೆ ಸಾವಿರ ಕಂಪನಿಗಳು ಒಂದೇ ವರ್ಷದಲ್ಲಿ ಇದನ್ನು ನೋಡಲು ಶುರು ಮಾಡುತ್ತವೆ.

80 ಗಂಟೆ ಮುಗಿಸಿದ ಹೆಣ್ಣುಮಗಳ ಕೈಗೆ ಒಂದು ಸರ್ಟಿಫಿಕೇಟ್ ಬರುತ್ತದೆ ಅಂದುಕೊಳ್ಳಿ. ನಾಳೆ ಮನೆ ಬದಲಾಯಿಸಿ, ಬಸ್ಸಿನ ಖರ್ಚು ಜಾಸ್ತಿ ಅಂತ ಹತ್ತಿರದ ಇನ್ನೊಂದು ಫ್ಯಾಕ್ಟರಿಗೆ ಹೋದರೆ, ಅಲ್ಲಿ ಮೆಷಿನ್ ಮುಂದೆ ಕೂರಿಸಿ ಒಂದು ಪೀಸ್ ಹೊಲಿಸಿ ನೋಡಿ ಗ್ರೇಡ್ ಹಾಕುತ್ತಾರೆ. ಮಾತಾಡಲು ಕಲಿತಿದ್ದು, ಪಕ್ಕದವರಿಗೂ ಕೆಲಸ ಹೇಳಿಕೊಟ್ಟು ಇಡೀ ಲೈನನ್ನು ಮೇಲೆತ್ತಿದ್ದು ಆ ಒಂದು ಪೀಸಿನಲ್ಲಿ ಕಾಣುವುದಿಲ್ಲ. ಹಳೇ ಫ್ಯಾಕ್ಟರಿಯ ಕಂಪ್ಯೂಟರಿನಲ್ಲಿ ಅವರ ಎರಡು ವರ್ಷದ ಎಫಿಷಿಯನ್ಸಿ ದಿನದಿನವೂ ದಾಖಲಾಗಿದೆ. ಆ ಹಾಳೆಯ ಒಂದು ಪ್ರತಿ ಅವರ ಕೈಗೆ ಕೊಟ್ಟರೆ ಹೊಸ ಗೇಟಿನಲ್ಲಿ ತಮ್ಮ ದರ ತಾವೇ ಕೇಳಬಹುದು.